ಅಡಿಕೆಯ ಎಳೆಸಸಿಗಳನ್ನು ಬಿಡಿಸಿ ನೆಡುವ ಕ್ರಮ

ಅಡಿಕೆಯ ತೋಟವನ್ನು ಹೊಸದಾಗಿ ಹಾಕುವವರೂ, ಹಳೆಯ ತೋಟದಲ್ಲಿ ಬಿದ್ದುಹೋದ ಮರಗಳ ಸ್ಥಳಕ್ಕೆ ಸಸಿ ಕೂರಿಸುವವರೂ ಗುಂಡಿ ತೆಗೆಯುವುದು, ಗೊಬ್ಬರ ಹೊರುವುದು, ಬಸಿಗಾಲುವೆ ತೋಡುವುದು ಮೊದಲಾದ ಕೆಲಸಗಳಿಗೆ ಹಣವನ್ನೂ ಶ್ರಮವನ್ನೂ ಧಾರಾಳವಾಗಿ ವೆಚ್ಚಮಾಡುವರು. ಆದರೆ ಆ ಗುಂಡಿಯಲ್ಲಿ ನೆಡತಕ್ಕ ಸಸಿಯು ಎಂತಹುದು, ಅದು ಸಸಿಮಡಿಯಲ್ಲಿ ಯಾವ ರೀತಿ ಬೆಳೆದುಬಂದಿತು ಎಂಬ ವಿಷಯಕ್ಕೆ ಅಷ್ಟು ಗಮನ ಕೊಡುವವರು ಕಡಮೆ. ರಾಗಿಯ ಪೈರು ಈ ವರ್ಷ ಕೆಟ್ಟರೆ ಮುಂದಿನ ಮಳೆಗಾಲಕ್ಕೆ ಬೇರೆ ಬೀಜವನ್ನು ಬಿತ್ತಬಹುದು. ಅಡಿಕೆಯಲ್ಲಿ ಈ ಅವಕಾಶವಿಲ್ಲ. ನೆಟ್ಟ ಸಸಿಯು ಫಲಕ್ಕೆ ಬರುವುದಕ್ಕೆ ೫ ರಿಂದ ೭ ವರ್ಷಗಳು ಹಿಡಿಯುವುವು. ಫಲಕ್ಕೆ ಬಂದ ಮರವು ಮಗನ ಕಾಲಕ್ಕೂ, ಅನೇಕ ವೇಳೆ ಮೊಮ್ಮಗನ ಕಾಲಕ್ಕೂ ನಿಂತಿರುವುದು. ಸಸಿ ಕೀಳಾಗಿದ್ದಿತೆಂಬುದು ತಿಳಿದುಬರುವ ಹೊತ್ತಿಗೆ ಹತ್ತು ವರ್ಷದ ಗೊಬ್ಬರವೂ ಕೂಲಿಯೂ ಮಣ್ಣುಪಾಲಾಗಿರುತ್ತವೆ.

ಸಸಿಗಳು ಕೆಡುವುದಕ್ಕೆ ಕಾರಣಗಳು ಹಲವಿದ್ದರೂ, ಎಲ್ಲಕ್ಕಿಂತ ಸಾಮಾನ್ಯವಾದುದೂ, ಎಲ್ಲಕ್ಕಿಂತ ಸುಲಭವಾಗಿ ತಪ್ಪಿಸಬಹುದಾದುದೂ ಒಂದೇ: ಮೊಳೆತ ಸಸಿಗಳನ್ನು ಸಕಾಲದಲ್ಲಿ ಬಿಡಿಸದೆ, ಮೊದಲಿನ ಮಡಿಯಲ್ಲಿಯೇ ಒತ್ತಾಗಿ ಬೆಳೆಯಗೊಡುವುದು. ಸಸಿಗಳನ್ನು ಯಾವಾಗ ಬಿಡಿಸಬೇಕು, ಹೇಗೆ ಬಿಡಿಸಬೇಕು, ಬಿಡಿಸಿದವುಗಳಲ್ಲಿ ಯಾವುದನ್ನು ಇಟ್ಟುಕೊಂಡು ಯಾವುದನ್ನು ಬಿಸಾಡಬೇಕು ಎಂಬುದು ಈ ಕೆಳಗೆ ವಿವರಿಸಲ್ಪಟ್ಟಿದೆ.

೧. ಒತ್ತಾಗಿ ಬೆಳೆಯುವುದರಿಂದ ಆಗುವ ಕೆಡುಕು

ಅಡಿಕೆಯ ಮರಕ್ಕೆ ಕೊಂಬೆಗಳಿಲ್ಲ. ಬಾಳೆಯಂತೆ ಬುಡದಿಂದ ಕಂದುಗಳೂ ಏಳುವುದಿಲ್ಲ. ಇಡೀ ಮರದ ಬೆಳವಣಿಗೆಯು ತುದಿಯಲ್ಲಿರುವ ಒಂದೇ ಒಂದು ಸುಳಿಯಿಂದ ನಡೆಯುವುದು. ಮಾವು, ಹಲಸು ಮೊದಲಾದ ಮರಗಳಲ್ಲಿ ಒಂದು ಕುಡಿ ಸೊರಗಿದರೆ ಮತ್ತೊಂದು ಕುಡಿ ಚಿಗುರಿ ನಷ್ಟವನ್ನು ತುಂಬಿಕೊಡುವುದು. ಅಡಿಕೆಯ ಸುಳಿಯು ಸತ್ತರೆ ಮರವೇ ಸಾಯುವುದು. ಎಳೆತನದಲ್ಲಿಯೇ ಸುಳಿಯು ಬಡವಾದರೆ ಆ ಬಡತನವು ಬಹುಕಾಲ ಮರವನ್ನು ಬಿಡುವುದಿಲ್ಲ.

ಮೊಳಕೆಯ ಮಡಿಯಲ್ಲಿ ಬೀಜಗಳನ್ನು ಸುಮಾರು ೨ ಅಂಗುಲದ ಅಂತರದಲ್ಲಿ ಇಡುವುದು ವಾಡಿಕೆ. ಈ ಲೆಕ್ಕದಂತೆ ಒಂದು ಚದರ ಅಡಿಯ ಜಾಗದಲ್ಲಿ ೩೬ ಸಸಿಗಳು ಏಳುವುವು. ಮೊಳಕೆಯೊಡೆಯುವ ಮಟ್ಟಿಗೆ ಈ ಅಂತರವು ಸಾಕು. ಎಲೆಗಳು ಬಿಚ್ಚಿಕೊಂಡ ಮೇಲಾದರೋ ಒಂದರ ನೆರಳು ಮತ್ತೊಂದರ ಮೇಲೆ ಬಿದ್ದು, ಪ್ರತಿಯೊಂದು ಸಸಿಯೂ ಬೆಳಕನ್ನು ಅರಸಿ ಮೇಲಕ್ಕೆ ಎಳೆಯುತ್ತದೆ. ಇದರಿಂದ ಸಸಿಯು ಎತ್ತರವಾಗುವುದೇ ಹೊರತು ಬುಡವು ದಪ್ಪವಾಗುವುದಿಲ್ಲ. ಎಲೆಗಳ ಸಂಖ್ಯೆಯೂ ಕಡಮೆಯಾಗುವುದು. ಗಾಳಿಯಾಡದ ಕಾರಣ ಎಲೆಗಳ ಮೇಲಿನ ತೇವವು ಬೇಗ ಆರದೆ, ಎಲೆ ಸುಡುವ ರೋಗವೂ ಬುಡ ಕೊಳೆಯುವ ರೋಗವೂ ಒಂದು ಸಸಿಯಿಂದ ಮತ್ತೊಂದಕ್ಕೆ ಸುಲಭವಾಗಿ ಹಬ್ಬುವುವು.

ನೆಲದೊಳಗಣ ಕೆಡುಕು ಕಣ್ಣಿಗೆ ಕಾಣಿಸದಿದ್ದರೂ ಅದಕ್ಕಿಂತ ಹೆಚ್ಚಿನದು. ಅಡಿಕೆಗೆ ತಾಯಿಬೇರು ಇಲ್ಲ. ಬುಡದ ಸುತ್ತಲಿಂದ ಹಗ್ಗದಂತಹ ಬೇರುಗಳು ಹೊರಟು ಎಲ್ಲ ಕಡೆಗೂ ಹರಡುವುವು. ತಿಂಗಳುಗಟ್ಟಲೆ ಒತ್ತಾಗಿದ್ದ ಸಸಿಗಳ ಬೇರುಗಳು ಒಂದಕ್ಕೊಂದು ಹೆಣೆದುಕೊಂಡು, ಬಿಡಿಸುವಾಗ ಹರಿಯದೆ ಬರುವುದು ಅಸಾಧ್ಯವಾಗುವುದು. ಬೇರು ಹರಿದ ಸಸಿಯು ಬುಡದಿಂದ ಹೊಸ ಬೇರನ್ನು ತೆಗೆಯುವ ತನಕ ಬೆಳವಣಿಗೆಯಿಲ್ಲದೆ ನಿಲ್ಲುವುದು. ಎಲೆಗಳು ಹೆಚ್ಚು, ಬೇರುಗಳು ಕಡಮೆ ಎಂಬ ಈ ಅವಸ್ಥೆಯಲ್ಲಿ ಬಿಸಿಲು ಬಿದ್ದರೆ ಸಸಿಯು ಒಣಗಿಯೇ ಹೋಗಬಹುದು.

೨. ಬೀಜವೂ ಮೊಳಕೆಯ ಮಡಿಯೂ

ಬಿಡಿಸುವ ಕೆಲಸವು ಚೆನ್ನಾಗಿ ನಡೆಯಬೇಕಾದರೆ ಮೊಳಕೆಯ ಮಡಿಯು ಮೊದಲಿನಿಂದಲೂ ಸರಿಯಾಗಿರಬೇಕು. ವರ್ಷ ವರ್ಷವೂ ತಪ್ಪದೆ ಫಲ ಕೊಡುವ, ತಲೆಯಲ್ಲಿ ಹೆಚ್ಚು ಸೋಗೆಗಳಿರುವ, ಗಂಟುಗಳು ಹತ್ತಿರ ಹತ್ತಿರವಾಗಿರುವ ಮರಗಳನ್ನು ಆರಿಸಿ, ಅವುಗಳ ಪೂರ್ಣವಾಗಿ ಬಲಿತು ಹಣ್ಣಾದ ಅಡಿಕೆಯನ್ನೇ ಬೀಜಕ್ಕೆ ತೆಗೆದುಕೊಳ್ಳತಕ್ಕದ್ದು. ಒಂದೇ ಗೊನೆಯಲ್ಲಿಯೂ ಭಾರವಾದ ಕಾಯಿಗಳನ್ನು ಬೇರೆಮಾಡಬೇಕು. ಹಣ್ಣುಗಳನ್ನು ನೀರಿನಲ್ಲಿ ಬಿಟ್ಟಾಗ ತೊಟ್ಟು ಮೇಲಾಗಿ ನೆಟ್ಟಗೆ ನಿಂತು ತೇಲುವವು ಹೆಚ್ಚು ಬಲವಾದ ಸಸಿಗಳನ್ನು ಕೊಡುವುವೆಂದು ಕಂಡುಬಂದಿದೆ. ಅಡ್ಡಲಾಗಿ ತೇಲುವವನ್ನು ಬಿಡುವುದು ಲೇಸು.

ಅಡಿಕೆಯ ಹೂವಿಗೆ ಬೇರೆ ಮರದ ಪರಾಗವು ಬೀಳುವುದು ಸಾಮಾನ್ಯವಾದುದರಿಂದ, ಒಳ್ಳೆಯ ಮರದ ಬೀಜಗಳೆಲ್ಲವೂ ತಾಯಿಯಂತೆಯೇ ಆಗುವುವೆಂದು ನಂಬಲಾಗದು. ದಕ್ಷಿಣ ಕನ್ನಡದ ವಿಟ್ಲದಲ್ಲಿ ೧೯೫೬ ರಲ್ಲಿ ಅಡಿಕೆಯ ಸಂಶೋಧನೆಗಾಗಿಯೇ ಒಂದು ಕೇಂದ್ರವು ಸ್ಥಾಪಿತವಾಗಿ, ಅಲ್ಲಿಂದ ೧೯೭೨ ರಲ್ಲಿ ‘ಮಂಗಳ’ ಎಂಬ ತಳಿಯೂ, ಅನಂತರ ಬೇರೆ ಕೆಲವು ತಳಿಗಳೂ ಹೊರಬಂದಿವೆ. ತಳಿಯು ಎಷ್ಟೇ ಉತ್ತಮವಾದುದಾದರೂ ಅದರ ಸಸಿಗಳಲ್ಲಿ ಬಲವಾದವೂ ಬಲಹೀನವಾದವೂ ಇದ್ದೇ ಇರುವುವು. ಆದಕಾರಣ ಸಸಿಗಳನ್ನು ಆರಿಸುವ ಕೆಲಸವನ್ನು ಯಾರೂ ಬಿಡುವಂತಿಲ್ಲ.

ಬೀಜದ ಹಣ್ಣನ್ನು ಒಣಗಿಸಕೂಡದು, ಸಿಪ್ಪೆಯನ್ನೂ ಸುಲಿಯಕೂಡದು. ಕೊಯ್ದ ಕೂಡಲೇ ನೆರಳಿನಲ್ಲಿ ಮಾಡಿದ ಮರಳಿನ ಮಡಿಯಲ್ಲಿ, ತೊಟ್ಟು ಮೇಲಾಗುವಂತೆ ನಿಲ್ಲಿಸಿ, ಕಾಯಿ ಮರೆಯಾಗುವಷ್ಟು ಮಾತ್ರ ಮರಳನ್ನು ಮುಚ್ಚಬೇಕು. ಮೊಳಕೆಯು ತೊಟ್ಟಿನ ಕಡೆಯಿಂದಲೇ ಹೊರಡುವುದಾದುದರಿಂದ ತೊಟ್ಟು ಕೆಳಗಾದರೆ ಮೊಳಕೆಯು ಬಾಗಿ ಬರಬೇಕಾಗುವುದು. ಮಡಿಗೆ ಮಣ್ಣಿಗಿಂತ ಮರಳೇ ಮೇಲು. ಮರಳಿನಲ್ಲಿ ನೀರು ನಿಲ್ಲುವುದಿಲ್ಲ, ಸಸಿಯನ್ನು ಎತ್ತುವಾಗ ಬೇರು ಹರಿಯುವುದೂ ಇಲ್ಲ. ಪ್ರತಿದಿನವೂ ಹದವಾಗಿ ನೀರು ಚಿಮುಕಿಸುತ್ತಿದ್ದರೆ ಸುಮಾರು ೪೦ ದಿನಗಳಿಂದ ಮೊಳಕೆಗಳು ಕಾಣಿಸಿಕೊಳ್ಳಲಾರಂಭಿಸುವುವು.

೩. ಬಿಡಿಸತಕ್ಕ ಕಾಲ

ಬೀಜವಿಟ್ಟ ಸುಮಾರು ೩ ತಿಂಗಳಿಗೆ ಸಸಿಗಳು ೨ ಅಥವಾ ೩ ಎಲೆಗಳನ್ನು ಹೊಂದಿರುತ್ತವೆ. ಇದೇ ಬಿಡಿಸುವುದಕ್ಕೆ ತಕ್ಕ ಕಾಲ. ಈ ಅವಸ್ಥೆಯಲ್ಲಿ ಬೇರುಗಳು ಚಿಕ್ಕವಾಗಿದ್ದು ಇನ್ನೂ ಹೆಣೆದುಕೊಂಡಿರುವುದಿಲ್ಲ. ಸಸಿಯು ಇನ್ನೂ ಸ್ವಲ್ಪ ಮಟ್ಟಿಗೆ ಕಾಯಿಯೊಳಗಣ ತಿರುಳಿನಿಂದಲೇ ಆಹಾರವನ್ನು ಹೀರುತ್ತಿರುವುದರಿಂದ, ಸ್ಥಳ ಬದಲಾಯಿಸಿದುದರಿಂದಾಗುವ ಆಯಾಸವನ್ನು ತಡೆದುಕೊಳ್ಳಬಲ್ಲುದು. ಮಾಘ ಫಾಲ್ಗುಣ ಮಾಸಗಳಲ್ಲಿ ಬೀಜವನ್ನಿಟ್ಟವರಿಗೆ ಈ ಕಾಲವು ಮುಂಗಾರಿನ ಆರಂಭಕ್ಕೆ ಹೊಂದಿಕೊಂಡು ಬರುವುದು. ಮೋಡ ಕವಿದು ತುಂತುರು ಮಳೆ ಬೀಳುವ ದಿನಗಳು ಈ ಕೆಲಸಕ್ಕೆ ಅತ್ಯಂತ ಅನುಕೂಲವಾದವು.

“ಇನ್ನೂ ಸ್ವಲ್ಪ ದೊಡ್ಡದಾಗಲಿ, ಅನಂತರ ನೇರವಾಗಿ ತೋಟಕ್ಕೇ ನೆಟ್ಟರಾಯಿತು” ಎಂದು ಕೆಲವರು ಬಿಡಿಸದೆ ಕಾಯುವುದುಂಟು. ಇದರಿಂದ ಒಂದು ಸಲದ ಕೂಲಿ ಉಳಿಯಿತೆಂದು ತೋರಬಹುದು. ಆದರೆ ಹಾಗೆ ಬಿಟ್ಟ ಸಸಿಗಳು ಮೇಲೆ ಹೇಳಿದಂತೆ ನೀಳವಾಗಿ, ಬುಡ ಸಣ್ಣಗಾಗಿ, ಬೇರು ಹರಿದು ತೋಟಕ್ಕೆ ಹೋಗುವುವು. ಅಂತಹ ಸಸಿ ಒಣಗಿದ ಸ್ಥಳದಲ್ಲಿ ಮರುವರ್ಷ ಮತ್ತೆ ನೆಡುವ ಕೂಲಿಯೂ, ಕಳೆದುಹೋದ ಒಂದು ವರ್ಷದ ಬೆಳವಣಿಗೆಯೂ, ಉಳಿಸಿದ ಕೂಲಿಗಿಂತ ಎಷ್ಟೋ ಪಾಲು ಹೆಚ್ಚಾಗುವುವು.

೪. ಬಿಡಿಸುವ ಕ್ರಮ

ಹಿಂದಿನ ಸಾಯಂಕಾಲವೇ ಮಡಿಗೆ ಚೆನ್ನಾಗಿ ನೀರು ಹಾಕಿ ಮರಳನ್ನು ನೆನೆಸಿರಬೇಕು. ಬೆಳಗಿನ ತಂಪಿನಲ್ಲಾಗಲಿ, ಹೊತ್ತು ಇಳಿದ ಮೇಲಾಗಲಿ ಕೆಲಸವನ್ನು ಪ್ರಾರಂಭಿಸುವುದು ಯುಕ್ತ. ಸಸಿಯ ಎಲೆಯನ್ನಾಗಲಿ ಸುಳಿಯನ್ನಾಗಲಿ ಹಿಡಿದು ಎಳೆಯಲೇಕೂಡದು. ಮಡಿಯ ಒಂದು ಅಂಚಿನಿಂದ ಆರಂಭಿಸಿ, ಚಪ್ಪಟೆಯಾದ ಕೋಲು ಅಥವಾ ಸಣ್ಣ ಹಾರೆಯನ್ನು ಕಾಯಿಗಳ ಕೆಳಕ್ಕೆ ತೂರಿಸಿ, ನಾಲ್ಕಾರು ಸಸಿಗಳನ್ನು ಮರಳಿನೊಡನೆ ಒಟ್ಟಿಗೆ ಮೇಲೆತ್ತಿ, ಬಳಿಕ ಕೈಯಿಂದ ಮರಳನ್ನು ಉದುರಿಸುತ್ತಾ ಒಂದೊಂದನ್ನಾಗಿ ಬೇರ್ಪಡಿಸಬೇಕು. ಬೇರುಗಳು ಸಿಕ್ಕಿಕೊಂಡಿದ್ದರೆ ನೀರು ತುಂಬಿದ ತೊಟ್ಟಿಯಲ್ಲಿ ಅದ್ದಿ ಮೆಲ್ಲನೆ ಅಲುಗಿಸಿದರೆ ತಾವಾಗಿಯೇ ಬಿಟ್ಟುಕೊಳ್ಳುವುವು.

ಸಸಿಯೊಡನೆ ಅಂಟಿಕೊಂಡಿರುವ ಕಾಯಿಯನ್ನು ಯಾವ ಕಾರಣಕ್ಕೂ ಕಿತ್ತುಹಾಕಕೂಡದು. ಅದು ಸಸಿಯ ಬುತ್ತಿಯ ಗಂಟು. ಕಾಯಿಯನ್ನು ಕಳೆದುಕೊಂಡ ಎಳೆಸಸಿಯು ಹಾಲು ಬಿಡಿಸಿದ ಕರುವಿನಂತೆ ಸೊರಗುವುದು.

ಬಿಡಿಸುವಾಗಲೇ ಮೊದಲನೆಯ ಆಯ್ಕೆಯೂ ನಡೆಯತಕ್ಕದ್ದು. ಬಹಳ ತಡವಾಗಿ ಮೊಳೆತವು, ಬುಡ ಸಣ್ಣದಾದವು, ಸುಳಿ ತಿರುಚಿಕೊಂಡವು, ಎಲೆ ಬಿಳಿಚಿಕೊಂಡವು, ಬುಡದಲ್ಲಿ ಕಂದು ಬಣ್ಣದ ಕೊಳೆತ ಗುರುತಿರುವವು — ಇವೆಲ್ಲವನ್ನೂ ಕನಿಕರಪಡದೆ ಬಿಸಾಡಬೇಕು. ಕೊಳೆತವನ್ನು ಮಡಿಯ ಬಳಿಯಲ್ಲಿ ಬಿಡದೆ ದೂರ ಒಯ್ದು ಸುಡುವುದು ಒಳ್ಳೆಯದು. ಬಿಡಿಸಿದ ಸಸಿಗಳನ್ನು ಬಿಸಿಲಿಗೂ ಗಾಳಿಗೂ ತೆರೆದಿಡದೆ, ಒದ್ದೆಯ ಗೋಣಿಯಲ್ಲಾಗಲಿ ಅಡಿಕೆಯ ಹಾಳೆಯಲ್ಲಾಗಲಿ ಮುಚ್ಚಿಟ್ಟು, ಅದೇ ದಿನ ನೆಟ್ಟು ಮುಗಿಸಬೇಕು. ಎಷ್ಟನ್ನು ನೆಡಲು ಸಾಧ್ಯವೋ ಅಷ್ಟನ್ನೇ ಎತ್ತುವುದು ಜಾಣತನ.

೫. ಎರಡನೆಯ ಮಡಿ

ಬಿಡಿಸಿದ ಸಸಿಗಳಿಗಾಗಿ ೫ ಅಡಿ ಅಗಲ, ಅರ್ಧ ಅಡಿ ಎತ್ತರ, ಅನುಕೂಲವಾದಷ್ಟು ಉದ್ದವಿರುವ ಏರುಮಡಿಗಳನ್ನು ಮುಂಚಿತವಾಗಿಯೇ ಸಿದ್ಧಪಡಿಸಿರಬೇಕು. ಮಡಿಯ ಮಧ್ಯದ ಸಸಿಯನ್ನು ಎರಡು ಕಡೆಗಳಿಂದಲೂ ಕೈಚಾಚಿ ಮುಟ್ಟುವಂತಿರಲೆಂದೇ ಈ ಅಗಲವನ್ನು ಹೇಳಿದೆ. ಚೆನ್ನಾಗಿ ಕೊಳೆತ ಕೊಟ್ಟಿಗೆಗೊಬ್ಬರವನ್ನು ಮಣ್ಣಿನಲ್ಲಿ ಬೆರೆಸಬೇಕು. ಹಸಿಗೊಬ್ಬರವು ಎಳೆಬೇರುಗಳನ್ನು ಸುಡುವುದು. ಮಡಿಗಳ ನಡುವೆ ನೀರು ಹರಿದುಹೋಗಲು ಬಸಿಗಾಲುವೆಗಳಿರಬೇಕು.

ಸಸಿಯಿಂದ ಸಸಿಗೂ ಸಾಲಿನಿಂದ ಸಾಲಿಗೂ ೧ ಅಡಿಯ ಅಂತರವಿಟ್ಟು ನೆಡತಕ್ಕದ್ದು. ಮೊದಲು ೩೬ ಸಸಿಗಳಿದ್ದ ಜಾಗದಲ್ಲಿ ಈಗ ಒಂದೇ ಸಸಿಯಿರುವುದು ದುಂದೆಂದು ತೋರಬಹುದು. ಆದರೆ ಸಸಿಯು ಇಲ್ಲಿ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಇರಬೇಕಾಗಿರುವುದನ್ನು ಮರೆಯಬಾರದು. ಅಂತರವನ್ನು ಅರ್ಧ ಅಡಿಗೆ ಇಳಿಸಿದರೆ ಬಿಡಿಸಿದುದರ ಫಲವೇ ಹೋಗಿ, ಸಸಿಗಳು ಮತ್ತೆ ಒತ್ತಾಗುವುವು.

ನೆಡುವಾಗ ಕಾಯಿಯು ಮಣ್ಣಿನಲ್ಲಿ ಮರೆಯಾಗಿ, ಸುಳಿಯು ಸಂಪೂರ್ಣವಾಗಿ ಮೇಲಿರಬೇಕು. ಆಳವಾಗಿ ನೆಟ್ಟರೆ ಸುಳಿಯಲ್ಲಿ ಮಣ್ಣೂ ನೀರೂ ನಿಂತು ಕೊಳೆಯುವುದು. ಮೇಲೆ ಮೇಲೆ ನೆಟ್ಟರೆ ಗಾಳಿಗೆ ಒರಗುವುದು. ಬೇರುಗಳನ್ನು ಮಡಚದೆ ಹರಡಿ, ಸುತ್ತಲಿನ ಮಣ್ಣನ್ನು ಬೆರಳುಗಳಿಂದ ಒತ್ತಿ ಕೂಡಲೇ ನೀರು ಕೊಡಬೇಕು.

೬. ಚೀಲಗಳಲ್ಲಿ ಬೆಳೆಸುವ ಕ್ರಮ

ಸಸಿಗಳನ್ನು ದೂರಕ್ಕೆ ಸಾಗಿಸಬೇಕಾದವರಿಗೆ ಮಡಿಗಿಂತ ಪಾಲಿಥೀನ್ ಚೀಲಗಳು ಅನುಕೂಲ. ೧೦ ಅಂಗುಲ ಉದ್ದ, ೬ ಅಂಗುಲ ಅಗಲದ ಚೀಲಗಳನ್ನು ತೆಗೆದುಕೊಂಡು, ತಳದಲ್ಲಿಯೂ ಪಕ್ಕಗಳಲ್ಲಿಯೂ ನೀರು ಬಸಿಯಲು ತೂತುಗಳನ್ನು ಮಾಡಬೇಕು. ತುಂಬತಕ್ಕ ಮಣ್ಣಿಗೆ ೭ ಪಾಲು ಮೇಲ್ಮಣ್ಣು, ೩ ಪಾಲು ಕೊಳೆತ ಕೊಟ್ಟಿಗೆಗೊಬ್ಬರ, ೨ ಪಾಲು ಮರಳು — ಹೀಗೆ ಬುಟ್ಟಿಯಿಂದ ಅಳೆದು ಬೆರೆಸಿದರೆ ಸಾಕು. ಜೇಡಿಮಣ್ಣು ಹೆಚ್ಚಾಗಿರುವ ಕಡೆ ಮರಳನ್ನು ಸ್ವಲ್ಪ ಹೆಚ್ಚಿಸಬಹುದು.

ಚೀಲಗಳನ್ನು ಒಂದಕ್ಕೊಂದು ತಾಗಿಸಿ ಜೋಡಿಸುವ ಅಭ್ಯಾಸವು ಅನೇಕ ಕಡೆಗಳಲ್ಲಿದೆ. ಬೇರುಗಳು ಬೇರೆ ಬೇರೆಯಾಗಿದ್ದರೂ ಎಲೆಗಳು ಒತ್ತಾದರೆ ಮೊದಲಿನ ಕೆಡುಕೇ ಮತ್ತೆ ಒದಗುವುದು. ಎಲೆಗೆ ಎಲೆ ತಾಗಲಾರಂಭಿಸಿದೊಡನೆ ಚೀಲಗಳನ್ನು ದೂರ ಸರಿಸತಕ್ಕದ್ದು. ಕಾಲಮಿತಿ ಮೀರಿ ಚೀಲದಲ್ಲಿಯೇ ಉಳಿದ ಸಸಿಯ ಬೇರುಗಳು ಒಳಗೆ ಸುತ್ತು ಹಾಕಿಕೊಳ್ಳುವುವು ಅಥವಾ ತೂತಿನಿಂದ ಹೊರಬಂದು ನೆಲಕ್ಕೆ ಇಳಿಯುವುವು. ತೋಟದಲ್ಲಿ ನೆಡುವಾಗ ಚೀಲವನ್ನು ಉದ್ದಕ್ಕೂ ಸೀಳಿ ಸಂಪೂರ್ಣವಾಗಿ ತೆಗೆದು, ಮಣ್ಣಿನ ಮುದ್ದೆಯು ಒಡೆಯದಂತೆ ಗುಂಡಿಯಲ್ಲಿ ಇಡಬೇಕು. ಚೀಲದೊಡನೆಯೇ ನೆಡುವುದು ಸಸಿಯ ಕಾಲಿಗೆ ಸಂಕೋಲೆ ಹಾಕಿದಂತೆ.

೭. ನೆರಳು, ನೀರು ಮತ್ತು ರೋಗಗಳ ಎಚ್ಚರ

ಎಳೆಯ ಅಡಿಕೆಯು ನೇರವಾದ ಬಿಸಿಲನ್ನು ತಡೆಯಲಾರದು. ಕಂಬಗಳನ್ನು ನೆಟ್ಟು ಸೋಗೆಯ ಚಪ್ಪರ ಹಾಕುವುದಾಗಲಿ, ಮಡಿಗಳ ಪಕ್ಕದಲ್ಲಿ ಬಾಳೆಯನ್ನು ಬೆಳೆಸುವುದಾಗಲಿ ಅವಶ್ಯಕ. ಆದರೆ ನೆರಳು ಹದವಾಗಿರಬೇಕು. ಕತ್ತಲೆಯಂತಹ ನೆರಳಿನಲ್ಲಿ ಸಸಿಗಳು ಒತ್ತಾಗಿ ಬೆಳೆದಂತೆಯೇ ನೀಳವಾಗುವುವು. ಮಳೆಗಾಲದಲ್ಲಿ ಚಪ್ಪರವನ್ನು ತೆಳುವು ಮಾಡಿ, ಬೇಸಗೆಯಲ್ಲಿ ದಟ್ಟ ಮಾಡುವುದು ಸರಿಯಾದ ಕ್ರಮ. ಮಳೆ ನಿಂತ ಮೇಲೆ ಮಡಿಯ ತೇವವು ಆರದಂತೆ ನೀರು ಕೊಟ್ಟು, ಸಸಿಗಳ ನಡುವೆ ದರಗನ್ನು ಹರಡಬೇಕು. ಕಳೆಯನ್ನು ಕೈಯಿಂದಲೇ ಕೀಳತಕ್ಕದ್ದು.

ನೀರು ನಿಲ್ಲುವ ಸ್ಥಳದಲ್ಲಿ ಸಸಿಮಡಿ ಮಾಡಿದರೆ ಬುಡ ಕೊಳೆಯುವ ರೋಗವು ನಿಶ್ಚಯವಾಗಿ ಬರುವುದು. ಇದಕ್ಕೆ ಔಷಧಕ್ಕಿಂತ ಬಸಿಗಾಲುವೆಯೇ ಉತ್ತಮ ಪರಿಹಾರ. ಹಾಗೆಯೇ ಕೊಳೆರೋಗವು ಬಿದ್ದಿರುವ ಹಳೆಯ ಮರಗಳ ಕೆಳಗೆ ಸಸಿಮಡಿಯನ್ನು ಮಾಡಕೂಡದು. ೧೯೦೮ ರಲ್ಲಿ ಅಂದಿನ ಮೈಸೂರು ಸಂಸ್ಥಾನಕ್ಕೆ ಬಂದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಪರೀಕ್ಷಿಸಿ, ೧೯೧೦ ರಲ್ಲಿ ಅದರ ವಿಚಾರವಾಗಿ ಪುಸ್ತಿಕೆಯೊಂದನ್ನು ಪ್ರಕಟಿಸಿದರು. ರೋಗಕ್ಕೆ ಕಾರಣವು ಒಂದು ಬಗೆಯ ಶಿಲೀಂಧ್ರವೆಂದೂ, ಬೋರ್ಡೋ ದ್ರಾವಣವನ್ನು ಸಿಂಪಡಿಸಿ ಅದನ್ನು ತಡೆಯಬಹುದೆಂದೂ ಅವರು ತೋರಿಸಿಕೊಟ್ಟರು. ಈ ಶಿಲೀಂಧ್ರದ ಬೀಜಾಣುಗಳು ಮಳೆಯ ಹನಿಗಳೊಡನೆ ಹರಡುವುವಾದುದರಿಂದ, ರೋಗದ ಗೊನೆಯಿಂದ ತೊಟ್ಟಿಕ್ಕುವ ನೀರು ಎಳೆಸುಳಿಗಳ ಮೇಲೆ ಬೀಳುವುದು ಅಪಾಯಕರ.

೮. ತೋಟಕ್ಕೆ ಹೋಗತಕ್ಕ ಸಸಿಯ ಆಯ್ಕೆ

ಬೀಜವಿಟ್ಟು ೧೨ ರಿಂದ ೧೮ ತಿಂಗಳಾದ, ೫ ಅಥವಾ ಅದಕ್ಕೂ ಹೆಚ್ಚು ಎಲೆಗಳಿರುವ ಸಸಿಗಳು ತೋಟದಲ್ಲಿ ನೆಡುವುದಕ್ಕೆ ಯೋಗ್ಯವಾದವು. ಇಲ್ಲಿಯೇ ಬಹುಜನರು ಮೋಸಹೋಗುವರು. ಸಸಿಗಳನ್ನು ಕೊಳ್ಳುವಾಗ ಎದೆಯೆತ್ತರದವನ್ನು ಕಂಡು “ಇದು ಚೆನ್ನಾಗಿ ಬೆಳೆದಿದೆ” ಎಂದು ಹೆಚ್ಚು ಬೆಲೆಯನ್ನು ಕೊಡುವರು, ಗಿಡ್ಡವಾದವನ್ನು ಬಿಟ್ಟುಬಿಡುವರು. ಒತ್ತಾದ ಮಡಿಯಲ್ಲಿ ಬೆಳಕಿಗಾಗಿ ಎಳೆದ ಸಸಿಯೂ ಎತ್ತರವಾಗಿಯೇ ಇರುವುದೆಂಬುದನ್ನು ಮೇಲೆಯೇ ಹೇಳಿದೆ. ಆದುದರಿಂದ ಎತ್ತರವೊಂದೇ ಬಲದ ಗುರುತಲ್ಲ. ಬುಡ ದಪ್ಪವಾಗಿ, ಎಲೆಗಳು ಹೆಚ್ಚಾಗಿ, ಎತ್ತರವು ಮಿತವಾಗಿರುವ ಸಸಿಯೇ ಉತ್ತಮವಾದುದು.

ಇದನ್ನು ಲೆಕ್ಕದಿಂದ ನಿರ್ಧರಿಸುವ ಒಂದು ಸುಲಭವಾದ ವಿಧಾನವನ್ನು ಅಡಿಕೆಯ ಸಂಶೋಧಕರು ಸೂಚಿಸಿದ್ದಾರೆ. ಎಲೆಗಳ ಸಂಖ್ಯೆಯನ್ನು ೪೦ ರಿಂದ ಗುಣಿಸಿ, ಬಂದ ಮೊತ್ತದಿಂದ ಸಸಿಯ ಎತ್ತರವನ್ನು ಸೆಂಟಿಮೀಟರಿನ ಲೆಕ್ಕದಲ್ಲಿ ಕಳೆಯಬೇಕು. ಉಳಿದ ಅಂಕವು ಹೆಚ್ಚಾದಷ್ಟೂ ಸಸಿಯು ಉತ್ತಮ. ಉದಾಹರಣೆಗೆ: ೪ ಎಲೆಗಳಿದ್ದು ೧೩೫ ಸೆಂಟಿಮೀಟರು, ಅಂದರೆ ಸುಮಾರು ನಾಲ್ಕೂವರೆ ಅಡಿ, ಎತ್ತರವಿರುವ ಸಸಿಗೆ ೧೬೦ ರಲ್ಲಿ ೧೩೫ ಕಳೆದು ೨೫ ಬರುವುದು. ೬ ಎಲೆಗಳಿದ್ದು ೯೦ ಸೆಂಟಿಮೀಟರು, ಅಂದರೆ ಸುಮಾರು ೩ ಅಡಿ, ಎತ್ತರವಿರುವ ಸಸಿಗೆ ೨೪೦ ರಲ್ಲಿ ೯೦ ಕಳೆದು ೧೫೦ ಬರುವುದು. ಕಣ್ಣಿಗೆ ಮೊದಲನೆಯದು ದೊಡ್ಡದು; ತೋಟಕ್ಕೆ ಎರಡನೆಯದು ಒಳ್ಳೆಯದು. ಒಂದು ಮಡಿಯ ಸಸಿಗಳೆಲ್ಲವನ್ನೂ ಒಂದೇ ರೀತಿಯಾಗಿ, ಒಂದೇ ದಿನ ಅಳೆದರೆ ಮಾತ್ರ ಈ ಲೆಕ್ಕವು ಸರಿಯಾಗುವುದು.

ಆರಿಸಿದ ಸಸಿಗಳನ್ನು ಬೇರಿನ ಸುತ್ತ ಮಣ್ಣಿನ ಮುದ್ದೆಯೊಡನೆ ಅಗೆದು ತೆಗೆಯತಕ್ಕದ್ದು. ಬರಿಯ ಬೇರಿನ ಸಸಿಗಳನ್ನು ಕಟ್ಟುಕಟ್ಟಿ ಗಾಡಿಯಲ್ಲಿ ಹೇರಿ ತರುವುದರಿಂದ ಎಷ್ಟೋ ಸಸಿಗಳು ತೋಟವನ್ನು ತಲಪುವ ಮೊದಲೇ ಅರ್ಧ ಸತ್ತಿರುತ್ತವೆ. ನೀರು ಬೇಗ ಬಸಿಯುವ ನೆಲದಲ್ಲಿ ಮಳೆಗಾಲದ ಆರಂಭದಲ್ಲಿಯೂ, ಜೇಡಿಯ ನೆಲದಲ್ಲಿ ಮಳೆಯ ರಭಸವು ತಗ್ಗಿದ ಮೇಲೆಯೂ ನೆಡುವುದು ಯುಕ್ತ.

೯. ಒಂದು ಎಕರೆಯ ಲೆಕ್ಕ

ತೋಟದಲ್ಲಿ ೯ ಅಡಿಗೆ ಒಂದರಂತೆ ನೆಟ್ಟರೆ ಒಂದು ಎಕರೆಗೆ ಸುಮಾರು ೫೩೮ ಸಸಿಗಳು ಬೇಕಾಗುವುವು. ಎರಡು ಸಲದ ಆಯ್ಕೆಯಲ್ಲಿ ಬಿಸಾಡುವವನ್ನೂ, ಮೊಳೆಯದೆ ಹೋಗುವವನ್ನೂ, ನೆಟ್ಟ ಮೇಲೆ ಸಾಯುವವುಗಳ ಬದಲಿಗೆ ಇಟ್ಟುಕೊಳ್ಳತಕ್ಕವನ್ನೂ ಎಣಿಸಿ ೧೦೦೦ ಬೀಜಗಳನ್ನು ಇಡುವುದು ಕ್ಷೇಮಕರ. ಇದಕ್ಕೆ ೪ ಅಡಿ ಅಗಲ, ೭ ಅಡಿ ಉದ್ದದ ಒಂದು ಮರಳಿನ ಮಡಿ ಸಾಕು. ಮೊದಲನೆಯ ಆಯ್ಕೆಯಲ್ಲಿ ೭೦೦ ಸಸಿಗಳನ್ನು ಉಳಿಸಿಕೊಂಡರೆ, ೫ ಅಡಿ ಅಗಲ, ೨೮ ಅಡಿ ಉದ್ದದ ೫ ಮಡಿಗಳು ಬೇಕು. ನಡುವಣ ಕಾಲುದಾರಿಗಳೂ ಸೇರಿ ಒಂದು ಗುಂಟೆ ನೆಲದಲ್ಲಿ ಇಷ್ಟೂ ನಡೆಯುವುದು. ಒಂದು ಎಕರೆ ತೋಟದ ಮುಂದಿನ ನಲವತ್ತು ವರ್ಷಗಳ ಭಾಗ್ಯವು ಈ ಒಂದು ಗುಂಟೆಯಲ್ಲಿ ಅಡಗಿದೆಯೆಂದರೆ ಅತಿಶಯೋಕ್ತಿಯಾಗಲಾರದು.

೧೦. ಗ್ರಾಮದ ಮುಖಂಡರು ಮಾಡಬಹುದಾದ ಸಹಾಯ

ಸಣ್ಣ ಹಿಡುವಳಿಯ ಬೇಸಾಯಗಾರನಿಗೆ ಹತ್ತೋ ಇಪ್ಪತ್ತೋ ಸಸಿಗಳು ಮಾತ್ರ ಬೇಕಾಗಿರುತ್ತವೆ. ಅಷ್ಟಕ್ಕಾಗಿ ಆತನು ಪ್ರತ್ಯೇಕವಾಗಿ ಮಡಿ ಮಾಡಿ, ನೆರಳು ಕಟ್ಟಿ, ಬೇಸಗೆಯಲ್ಲಿ ನೀರು ಹೊರಲಾರದೆ, ಸಂತೆಯಲ್ಲಿ ಸಿಕ್ಕಿದ ಸಸಿಯನ್ನು ಕೊಳ್ಳುವನು. ಅದರ ತಾಯಿಮರವನ್ನು ಆತನು ಕಂಡಿಲ್ಲ. ಅದು ಎಷ್ಟು ತಿಂಗಳು ಒತ್ತಿನಲ್ಲಿದ್ದಿತೆಂಬುದನ್ನೂ ಅರಿಯನು. ಊರಿನ ಹಿರಿಯರೂ ಮುಖಂಡರೂ ಮನಸ್ಸುಮಾಡಿ, ನೀರಿನ ಅನುಕೂಲವಿರುವ ಒಂದು ಕಡೆಯಲ್ಲಿ ಎಲ್ಲರಿಗೂ ಸೇರಿದಂತೆ ಒಂದು ಸಸಿಮಡಿಯನ್ನು ಮಾಡಿಸಿದರೆ ಈ ತೊಂದರೆಯು ನಿವಾರಣೆಯಾಗುವುದು. ಊರಿನಲ್ಲಿಯೇ ಎಲ್ಲರೂ ಬಲ್ಲ ಒಳ್ಳೆಯ ಮರಗಳಿಂದ ಬೀಜವನ್ನು ತೆಗೆಯಬಹುದು. ಬಿಡಿಸುವ ದಿನ ಮನೆಗೊಬ್ಬರಂತೆ ಬಂದರೆ ಸಾವಿರಾರು ಸಸಿಗಳ ಕೆಲಸವು ಒಂದೇ ಬೆಳಗಿನಲ್ಲಿ ಮುಗಿಯುವುದು.

ಹೀಗೆ ಕೂಡಿ ಮಾಡುವಲ್ಲಿ ಒಂದು ಕಟ್ಟುಪಾಡನ್ನು ಮಾತ್ರ ಮೊದಲೇ ಮಾಡಿಕೊಳ್ಳುವುದು ಅವಶ್ಯಕ: ಆಯ್ಕೆಯಲ್ಲಿ ಬಿಸಾಡಿದ ಸಸಿಯನ್ನು ಯಾರೂ ಮನೆಗೆ ಒಯ್ಯಕೂಡದು. ಬಿಟ್ಟಿಯಾಗಿ ಸಿಕ್ಕಿತೆಂದು ಒಯ್ದು ನೆಟ್ಟ ಬಡಸಸಿಯು ಒಂದು ಒಳ್ಳೆಯ ಮರದ ಸ್ಥಳವನ್ನೂ, ಗೊಬ್ಬರವನ್ನೂ, ನೀರನ್ನೂ ವರ್ಷ ವರ್ಷವೂ ತಿನ್ನುತ್ತಿರುವುದು. ಬಿಡಿಸುವ ದಿನದಂದೇ ಅಂತಹವನ್ನು ಎಲ್ಲರ ಎದುರಿನಲ್ಲಿ ಕತ್ತರಿಸಿ ಗೊಬ್ಬರದ ಗುಂಡಿಗೆ ಹಾಕುವುದೂ, ಕೊಳೆತವನ್ನು ಸುಡುವುದೂ ವಿಹಿತವಾದ ಕ್ರಮ.